ಕಿವಿಗೇರಿದ ಜನಿವಾರ

ಕೈಯಲ್ಲಿ ತಂಬಿಗೆ, ಕಿವಿಯ ಮೇಲೆ ಜನಿವಾರ. ಬೆಳಗಿನ ಜಾವ ಈ ಎರಡನ್ನೂ ಧರಿಸಿ ಹೊರಟ ಗಂಡಸನ್ನು ಮಾನ್ವಿಯಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಶಾಸ್ತ್ರವೇ ಹಾಗೆ. ದಾರ ಬಲಗಿವಿಗೆ ಏರಿತೆಂದರೆ ಬಾಯಿಗೆ ಬೀಗ. ಬಯಲಕಡೆಯ ಕೆಲಸ ಮುಗಿದು, ಮಣ್ಣು ಹಚ್ಚಿ ಕೈ ತೊಳೆದು, ಬಾಯಿ ಮುಕ್ಕಳಿಸಿದ ಮೇಲೆಯೇ ದಾರ ಕೆಳಗೆ, ಮಾತು ಹೊರಗೆ. ಅಲ್ಲಿಯವರೆಗೆ ಎದುರಿಗೆ ತಹಶೀಲ್ದಾರರು ಬಂದರೂ ಸಲಾಮು ಮಾಡಬೇಕಾಗಿಲ್ಲ. ಅವರೇ ಬೇರೆ ಕಡೆ ಮುಖ ತಿರುಗಿಸಿಕೊಂಡು ಹೋಗಿಬಿಡುತ್ತಾರೆ.

ಈ ಸೌಕರ್ಯವನ್ನು ಹಕ್ಕಿ ನೋಡುವುದಕ್ಕೆ ಬಳಸಿಕೊಳ್ಳಬಹುದೆಂದು ಕಂಡುಹಿಡಿದವನು ವಾದಿರಾಜ.

ಆತ ಊರಿನ ವಸ್ತಾನಿಯಾ, ಅಂದರೆ ಮಿಡ್ಲ್ ಶಾಲೆಯಲ್ಲಿ ಮಾಸ್ತರ. ಹೆಸರಿನಲ್ಲಿದ್ದ ವಾದ ನಾಲಿಗೆಗೆ ಇಳಿದಿರಲಿಲ್ಲ. ಯಾರು ಏನೆಂದರೂ ‘ಇರಬಹುದ್ರಿ’ ಎಂದು ಒಪ್ಪಿ ಜಾಗ ಬಿಡುವ ಸ್ವಭಾವ. ಹೈದರಾಬಾದಿನಲ್ಲಿ ಕಾಲೇಜು ಓದುವಾಗ ಜೀವಶಾಸ್ತ್ರದ ಪ್ರೊಫೆಸರೊಬ್ಬರ ಹಿಂದೆ ಕೆರೆಗಳ ದಂಡೆ ಸುತ್ತಿ ಹಕ್ಕಿಯ ಹುಚ್ಚು ಹತ್ತಿಸಿಕೊಂಡಿದ್ದ. ಲಡಾಯಿ ಮುಗಿದ ಮೇಲೆ ಫೌಜಿನವರು ಹಳೆಯ ಸಾಮಾನು ವಿಲೇವಾರಿ ಮಾಡಿದಾಗ ಒಂದು ದುರ್ಬೀನು ಕೈಗೆ ಸಿಕ್ಕಿತು. ಅದಕ್ಕೆ ಚರ್ಮದ ಪಟ್ಟಿ ಇತ್ತು. ಮಡಿ ಮನೆಗೆ ಚರ್ಮ ಬರುವಂತಿಲ್ಲ. ಪಟ್ಟಿ ಕಿತ್ತು ಹಳೆಯ ಧೋತರದ ಅಂಚು ಕಟ್ಟಿ, ದನದ ಕೊಟ್ಟಿಗೆಯ ಹುಲ್ಲಿನಲ್ಲಿ ಹುಗಿದಿಟ್ಟಿದ್ದ.

ಮೊದಮೊದಲು ತಂಬಿಗೆಯಿಲ್ಲದೆ ಕೆರೆಯ ಏರಿಗೆ ಹೋಗಿ ನೋಡಿದ. ಹೋಗುವವರು ಬರುವವರೆಲ್ಲ ನಿಂತರು. ಏನು ಹುಡುಕುತ್ತೀರಿ ಮಾಸ್ತರ, ಎಮ್ಮೆ ಕಳೆದಿದೆಯೇ ಎಂದು ಒಬ್ಬ ಕೇಳಿದ. ಕೆರೆ ಅಳೆಯುವ ಹುಕುಮು ಬಂದಿದೆಯೇ ಎಂದು ಇನ್ನೊಬ್ಬ. ಎಲ್ಲಕ್ಕಿಂತ ದೊಡ್ಡ ತೊಡಕು ಆಚೆ ದಂಡೆಯದು. ಅಲ್ಲಿ ಹೆಂಗಸರ ಘಾಟು. ನೀರು ತುಂಬುವವರು, ಅರಿವೆ ಒಗೆಯುವವರು. ದುರ್ಬೀನು ಹಿಡಿದ ಮದುವೆಯಾಗದ ಮಾಸ್ತರ ಆ ಕಡೆ ಮುಖಮಾಡಿ ಕೂತಿದ್ದಾನೆಂದರೆ, ಮಧ್ಯದ ನೀರಿನಲ್ಲಿ ಹಕ್ಕಿಗಳಿದ್ದವು ಎಂಬ ಮಾತನ್ನು ನಂಬುವಷ್ಟು ಒಳ್ಳೆಯ ಜನ ಮಾನ್ವಿಯಲ್ಲಿ ಇರಲಿಲ್ಲ. ಬೇರೆ ಊರಿನಲ್ಲೂ ಇರಲಾರರು.

ತಂಬಿಗೆ ಹಿಡಿದ ದಿನದಿಂದ ಎಲ್ಲ ಸುಸೂತ್ರವಾಯಿತು. ಉತ್ತರೀಯದ ಒಳಗೆ ದುರ್ಬೀನು, ಹೊರಗೆ ತಂಬಿಗೆ. ಏರಿಯ ಕೆಳಗಿನ ಜಾಲಿ ಮರೆಯಲ್ಲಿ ಬೋರಲು ಮಲಗಿದರೆ ಕೆರೆಯೆಲ್ಲ ಅವನದೇ. ಕೊಕ್ಕರೆ, ನೀರುಕೋಳಿ, ಬಡಗಣದಿಂದ ಬಂದ ಹೆಬ್ಬಾತುಗಳ ಹಿಂಡು. ಟಿಟ್ಟಿಭ ಕೂಗಿದರೆ ಇವನೂ ಮೆಲ್ಲಗೆ ಕೂಗುತ್ತಿದ್ದ, ಅದು ತನ್ನವರಾರೋ ಎಂದು ಹೊರಳಿ ನೋಡುವಷ್ಟು ಹುಬೇಹೂಬು. ತಂಬಿಗೆಯ ನೀರನ್ನು ಮಾತ್ರ ತುಂಬಿದ ಹಾಗೇ ಮನೆಗೆ ಒಯ್ಯುವಂತಿರಲಿಲ್ಲ. ತಾಯಿ ಸರಸ್ವತಿಬಾಯಿ ಅದನ್ನು ಕಂಡರೆ ಮಗ ತೊಳೆಯದೇ ಬಂದನೆಂದು ಊರ ಬಾವಿಗಳನ್ನೆಲ್ಲ ಅವನ ತಲೆಯ ಮೇಲೆ ಸುರಿಯುತ್ತಿದ್ದಳು. ಹೀಗಾಗಿ ದಿನಾ ಅದನ್ನು ಏರಿಯ ಮೇಲಿದ್ದ ಒಂದು ಬೇವಿನ ಸಸಿಗೆ ಹಾಕಿ ಬರುತ್ತಿದ್ದ. ಆ ಚಳಿಗಾಲದಲ್ಲಿ ಏರಿಯ ಮೇಲೆ ಆ ಬೇವೊಂದೇ ಮೈತುಂಬಿಕೊಂಡಿತು.

ಎಲ್ಲವೂ ಸರಿ. ಒಂದನ್ನು ಮಾತ್ರ ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಂಬಿಗೆ ಹಿಡಿದು ಹೋದವನು ಬೇಗ ತಿರುಗಿ ಬರಬೇಕು. ಇವನು ಕತ್ತಲಿರುವಾಗ ಹೋದರೆ ಬಿಸಿಲು ಏರಿದ ಮೇಲೆ ಬರುತ್ತಿದ್ದ.

ಘಾಟಿನಲ್ಲಿ ಒಗೆಯುತ್ತಿದ್ದ ಅಗಸರ ಮಾರೆಮ್ಮನಿಗೆ ಇದು ಮೊದಲು ಕಂಡಿತು. ಒಗೆದ ಗಂಟು ತಂದವಳು ಅಂಗಳದಲ್ಲೇ ನಿಂತು, ಸರಸ್ವತಿಬಾಯಿಗೆ ಕೇಳುವಷ್ಟು ಮೆಲ್ಲಗೆ, ಓಣಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು.

“ಯವ್ವಾ, ಸಣ್ಣ ಮಾಸ್ತರ್ರ ಹೊಟ್ಟಿ ಆರಾಮಿಲ್ಲ ಕಾಣ್ತದ. ನಾ ಎರಡು ಗಂಟು ಒಗದು ಹಿಂಡೋತನಾ ಜಾಲಿ ಗಿಡದಾಗೇ ಇರತಾರ. ನಡನಡುವ ನರಳಾಕತ್ತಿದ್ದೂ ಕೇಳ್ತದ.”

ನರಳಿದ್ದು ಅವನಲ್ಲ, ಅವನ ಟಿಟ್ಟಿಭ. ಆದರೆ ಹಾಗೆಂದು ಹೇಳುವಂತಿರಲಿಲ್ಲ. ಸರಸ್ವತಿಬಾಯಿ ಹಕೀಮ ಬುರ್ಹಾನುದ್ದೀನರಿಂದ ಪುಡಿ ತರಿಸಿದಳು. ಹಕೀಮರು ನಾಡಿ ಹಿಡಿದು, ದೋಷವೇನೂ ಸಿಗದೆ, ಸಿಗದ ದೋಷ ಆಳವಾಗಿಯೇ ಇರಬೇಕೆಂದು ದಾಳಿಂಬೆ ಸಿಪ್ಪೆಯ ಪುಡಿಯನ್ನು ಎರಡು ಪಟ್ಟು ಕೊಟ್ಟರು. ಅದನ್ನು ನುಂಗಿದ ಮೇಲೆ ವಾದಿರಾಜನಿಗೆ ಬಯಲಕಡೆ ಹೋಗಲು ನಿಜವಾದ ಕಾರಣ ಒಂದೂ ಉಳಿಯಲಿಲ್ಲ. ಆದರೂ ಹೋದ. ಬೇನೆ ಪುಡಿಗೂ ಬಗ್ಗಲಿಲ್ಲವೆಂದು ಊರು ತೀರ್ಮಾನಿಸಿತು.

ಇಷ್ಟಕ್ಕೇ ಮುಗಿದಿದ್ದರೆ ನಗೆಯ ಮಾತಾಗುತ್ತಿತ್ತು. ಆದರೆ ಆ ಮಾಗಿಯಲ್ಲಿ ಅವನಿಗೆ ದೇವದುರ್ಗದ ಹೆಣ್ಣೊಂದು ಹೆಚ್ಚುಕಡಿಮೆ ಗೊತ್ತಾಗಿತ್ತು. ಅಲ್ಲಿ ಪಾಠಶಾಲೆ ನಡೆಸುತ್ತಿದ್ದ ಗೋಪಾಲಕೃಷ್ಣಾಚಾರ್ಯರ ಮಗಳು ಅಹಲ್ಯಾಬಾಯಿ. ನೋಡಲು ಹೋದಾಗ ಪದ್ಧತಿಯಂತೆ ಅವಳಿಗೆ ಒಂದು ದೇವರನಾಮ ಹಾಡಲು ಹೇಳಿದ್ದರು. ನಡುವೆ ಹಿತ್ತಲ ಬೇವಿನಲ್ಲಿ ಕುಟ್ರುಹಕ್ಕಿಯೊಂದು ಕುಟುರ್ ಕುಟುರ್ ಎಂದು ಸುರುಮಾಡಿತು. ಹುಡುಗಿ ಹಾಡು ನಿಲ್ಲಿಸಿ, ಅದು ಮುಗಿಸುವವರೆಗೆ ಕಾದು, ಬಿಟ್ಟಲ್ಲಿಂದ ಹಾಡಿದಳು. ಹಿರಿಯರು ಅವಳಿಗೆ ಪದ ಮರೆತಿತೆಂದು ತಿಳಿದರು. ವಾದಿರಾಜ ಮಾತ್ರ ಮದುವೆಯಾದರೆ ಇವಳನ್ನೇ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಬಂದ.

ಜಾತಕ ಕೂಡಿತು. ಗ್ರಹಗಳೆಲ್ಲ ಒಪ್ಪಿದ ಮೇಲೆ ಗ್ರಹಣಿ ಎಂಬ ಹೊಟ್ಟೆಬೇನೆ ಅಡ್ಡ ಬಂತು. ಮಾರೆಮ್ಮನ ತಂಗಿ ಸಿರವಾರದಲ್ಲಿ. ಸಿರವಾರದ ಸಂತೆಗೆ ಬಂದ ಮಾತು ದೇವದುರ್ಗಕ್ಕೆ ಹೋಗಲು ಬಂಡಿ ಬೇಕಾಗಿರಲಿಲ್ಲ. ಆಚಾರ್ಯರ ತಾಯಿ ಕಾವೇರಿಬಾಯಿಯ ಕಿವಿಗೆ ಅದು ಬಿದ್ದಾಗ ಆಕೆ ಜಪದ ಸರ ಕೆಳಗಿಟ್ಟಳು. ಆಕೆಯ ಗಂಡ ಹೊಟ್ಟೆಯ ಬೇನೆಯಲ್ಲೇ ಹೋದವರು. ಆಗ ಆಕೆಗೆ ಇನ್ನೂ ಹರೆಯ ಮುಗಿಯದ ವಯಸ್ಸು, ಮಡಿಲಲ್ಲಿ ಹಾಲು ಕುಡಿಯುವ ಮಗ. ಅಂದು ಕೂದಲು ತೆಗೆಸಿದ ತಲೆಯ ಮೇಲೆ ಎಳೆದುಕೊಂಡ ಕೆಂಪು ಸೀರೆಯ ಸೆರಗು ಇಂದಿನವರೆಗೂ ಜಾರಿರಲಿಲ್ಲ. ಮೊಮ್ಮಗಳಿಗೆ ಆ ಸೆರಗು ಬೇಡವೆಂಬುದು ಆಕೆಯ ಒಂದೇ ಹಟ. ಮಗನನ್ನು ಕರೆದು, ಮಾನ್ವಿಗೆ ಹೋಗು, ಮಂದಿ ಮಾತು ಕೇಳಬೇಡ, ಕಣ್ಣಾರೆ ನೋಡಿ ಬಾ, ಅಲ್ಲಿಯವರೆಗೆ ನಿಶ್ಚಯದ ಮಾತಿಲ್ಲ ಎಂದಳು.

ಅಲ್ಲಿಗೆ ವಾದಿರಾಜನ ಲಗ್ನ ಕೆರೆಯ ಏರಿಯ ಮೇಲೆ ಬಂದು ನಿಂತಿತು. ಹೊಟ್ಟೆ ನೋವಿದೆ ಎಂದರೆ ಹೆಣ್ಣಿಲ್ಲ. ಇಲ್ಲ, ದುರ್ಬೀನು ಹಿಡಿದು ಕೂರುತ್ತೇನೆ ಎಂದರೆ ಹೆಣ್ಣೂ ಇಲ್ಲ, ಮಾನವೂ ಇಲ್ಲ. ಏರಿಗೆ ಹೋಗುವುದನ್ನೇ ಬಿಟ್ಟರಾಯಿತು ಎಂದು ಅವನಿಗೂ ಹೊಳೆಯಿತು. ಆದರೆ ಅದೇ ವಾರ ಕೆರೆಗೆ ಒಂದು ಜೋಡಿ ಚಕ್ರವಾಕ ಬಂದಿಳಿದಿತ್ತು.

ಗೋಪಾಲಕೃಷ್ಣಾಚಾರ್ಯರು ಮಠದಲ್ಲಿ ಇಳಿದುಕೊಂಡರು. ಮರುದಿನ ಕತ್ತಲಿರುವಾಗಲೇ ತಂಬಿಗೆ ಹಿಡಿದು, ದಾರ ಕಿವಿಗೇರಿಸಿ ಏರಿಯ ಕಡೆ ನಡೆದರು. ಹುಡುಗ ಎಷ್ಟು ಹೊತ್ತು ಕೂರುತ್ತಾನೆ, ಎಷ್ಟು ನರಳುತ್ತಾನೆ ಎಂದು ದೂರದಿಂದಲೇ ಅಂದಾಜು ಮಾಡಿಕೊಂಡು, ಮಧ್ಯಾಹ್ನದ ಬಸ್ಸಿಗೆ ಊರಿಗೆ ಮರಳುವ ವಿಚಾರ. ಜಾಲಿಯ ಗಿಡಗಳ ನಡುವೆ ಸಭ್ಯ ಅಂತರ ಬಿಟ್ಟು ಇಣುಕಿದರು. ಭಾವೀ ಅಳಿಯ ಕೂತಿರಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ್ದ. ಪಾಪ, ಬೇನೆ ಇಷ್ಟು ಬಲಿತಿದೆಯೇ ಎಂದು ಮರುಗಿ ಎರಡು ಹೆಜ್ಜೆ ಮುಂದೆ ಬಂದರು. ಆಗ ದುರ್ಬೀನು ಕಂಡಿತು. ಅದರ ಮೂತಿ ಹೆಂಗಸರ ಘಾಟಿನ ಕಡೆಗಿತ್ತು.

ಒಣಗಿದ ಕಡ್ಡಿ ಮುರಿದ ಸದ್ದಿಗೆ ವಾದಿರಾಜ ಹೊರಳಿದ. ಇಬ್ಬರ ಕಿವಿಯ ಮೇಲೂ ಜನಿವಾರ. ಒಬ್ಬರು ಬಯ್ಯುವಂತಿಲ್ಲ, ಇನ್ನೊಬ್ಬ ಸಮಜಾಯಿಷಿ ಹೇಳುವಂತಿಲ್ಲ. ಆಚಾರ್ಯರ ಮುಖ ಮಬ್ಬು ಬೆಳಕಿನಲ್ಲೂ ಕೆಂಪೇರಿದ್ದು ಕಾಣುತ್ತಿತ್ತು. ವಾದಿರಾಜನಿಗೆ ಬೇರೆ ದಾರಿ ತೋಚಲಿಲ್ಲ. ದುರ್ಬೀನು ಅವರ ಕೈಗಿಟ್ಟು, ಮೊಣಕೈ ಹಿಡಿದು ಮೆಲ್ಲಗೆ ಕೆಳಕ್ಕೆ ತಿರುಗಿಸಿದ. ಘಾಟಿನ ಈಚೆ, ಕೆರೆಯ ನಡುವಿನ ಮರಳು ದಿಬ್ಬದ ಕಡೆಗೆ. ಆಮೇಲೆ ಗಂಟಲು ಕಿರಿದು ಮಾಡಿ ಕೂಗಿದ.

“ಆಂಗ್... ಆಂಗ್...”

ದಿಬ್ಬದ ಮೇಲಿಂದ ಅದೇ ದನಿ ಬಂತು. ಮತ್ತೆ ಅದಕ್ಕೆ ಜೊತೆಯದರ ದನಿ.

ಆಚಾರ್ಯರು ನೋಡಿದರು. ಕಾವ್ಯದ ಚಕ್ರವಾಕದ್ದು ಗೋರೋಚನಕ್ಕೆ ಕುಂಕುಮ ಕಲಸಿದ ಬಣ್ಣ ಎಂದು ಅವರು ಮೀಸೆ ಮೂಡಿದ ಕಾಲದಿಂದ ಶಿಷ್ಯರಿಗೆ ಅರ್ಥ ಹೇಳುತ್ತ ಬಂದಿದ್ದರು. ಯಾವ ಬಣ್ಣ ಎಂದು ಒಬ್ಬ ಶಿಷ್ಯನೂ ಕೇಳಿರಲಿಲ್ಲ. ಕೇಳಿದ್ದರೆ ಹೇಳಲು ಅವರಿಗೂ ಬರುತ್ತಿರಲಿಲ್ಲ. ಈಗ ಅದೇ ಬಣ್ಣ ಎರಡು ಮುದ್ದೆಯಾಗಿ ಮರಳಿನ ಮೇಲೆ ಕೂತಿತ್ತು. ಹೊತ್ತು ಕಳೆಯಿತು. ದುರ್ಬೀನು ಇಳಿಯಲಿಲ್ಲ. ಕೊನೆಗೆ ಆಚಾರ್ಯರು ಎಡಗೈಯಿಂದ ಕಿವಿಯ ಮೇಲಿನ ಜನಿವಾರ ತೆಗೆದು ಹೆಗಲಿಗೆ ಬಿಟ್ಟರು. ಮಣ್ಣು ಹಚ್ಚಿರಲಿಲ್ಲ, ಕೈ ತೊಳೆದಿರಲಿಲ್ಲ, ತಂಬಿಗೆಯ ನೀರು ತುಳುಕಿರಲಿಲ್ಲ. ತಾವು ಬಂದದ್ದು ಆ ಕೆಲಸಕ್ಕಲ್ಲ ಎಂದು ಒಪ್ಪಿಕೊಳ್ಳಲು ಒಬ್ಬ ವೈದಿಕನಿಗೆ ಇದಕ್ಕಿಂತ ಸ್ಪಷ್ಟವಾದ ಭಾಷೆ ಇಲ್ಲ. ವಾದಿರಾಜನೂ ತನ್ನ ದಾರ ಇಳಿಸಿದ.

“ಏನಿದು?” ಎಂದರು ಆಚಾರ್ಯರು.

“ಚಕ್ರವಾಕ್ರಿ.”

“ಸೂರ್ಯೋದಯ ಆಗಿಲ್ಲಲ್ಲ.”

“ಇಲ್ರಿ.”

“ಮತ್ತ ಜೋಡಿ ಕೂತಾವ? ರಾತ್ರಿ ಅಗಲಿ, ಒಂದು ಆ ದಂಡಿಗೆ ಒಂದು ಈ ದಂಡಿಗೆ ಅಳಬೇಕು. ಸೂರ್ಯ ಹುಟ್ಟಿದ ಮ್ಯಾಲೆ ಕೂಡಬೇಕು.”

“ನಾ ಎಷ್ಟು ಕತ್ತಲಿದ್ದಾಗ ಬಂದರೂ ಹಿಂಗ ಕೂಡೇ ಇರತಾವ್ರಿ.”

ಆಚಾರ್ಯರು ದುರ್ಬೀನಿನ ಗಾಜನ್ನೊಮ್ಮೆ ಉತ್ತರೀಯದಿಂದ ಒರೆಸಿ ಮತ್ತೆ ನೋಡಿದರು. ದೋಷ ಗಾಜಿನಲ್ಲಿರಲಿಲ್ಲ. “ಹಂಗಾದ್ರ ಇವು ಚಕ್ರವಾಕ ಅಲ್ಲ” ಎಂದು ನಿರ್ಣಯ ಕೊಟ್ಟರು. “ಬ್ಯಾರೆ ಯಾವುದೋ ಬಾತು. ಹೌದಲ್ಲ?”

ಇದು ಬಾಗಿಲು ತೆರೆದಿಟ್ಟ ಮಾತು. ‘ಇರಬಹುದ್ರಿ’ ಎಂದುಬಿಟ್ಟರೆ ಸಾಕು. ಹೊಟ್ಟೆ ಗಟ್ಟಿ, ಬುದ್ಧಿ ವಿನಯ, ಹುಡುಗಿ ಇವನದು. ಹುಟ್ಟಿದಾಗಿನಿಂದ ಕಂಡಕಂಡವರಿಗೆಲ್ಲ ಹೇಳಿದ ಮಾತು ಅದು, ನಾಲಿಗೆಯ ತುದಿಯಲ್ಲೇ ಇತ್ತು. ವಾದಿರಾಜ ದಿಬ್ಬದ ಕಡೆ ನೋಡಿದ. ಗಂಡುಹಕ್ಕಿ ಕೊರಳು ಚಾಚಿ ಹೆಣ್ಣಿನ ಬೆನ್ನ ಮೇಲಿನ ಏನನ್ನೋ ಕೊಕ್ಕಿನಿಂದ ತೆಗೆಯುತ್ತಿತ್ತು.

“ಚಕ್ರವಾಕಾನೇ ಅವ್ರಿ” ಎಂದ. “ಕವಿಗಳು ರಾತ್ರಿ ಮಲಗಿರಬೇಕ್ರಿ.”

ಆಚಾರ್ಯರು ದುರ್ಬೀನು ಹಿಂದಕ್ಕೆ ಕೊಟ್ಟರು. ತಂಬಿಗೆ ಎತ್ತಿಕೊಂಡರು.

“ನಿನಗ ಹೊಟ್ಟಿ ರೋಗ ಇದ್ದಿದ್ರ ಛಲೋ ಇತ್ತು” ಎಂದರು. “ಅದಕ್ಕ ಔಷಧ ಅದ.”

ಅವರು ಏರಿ ಇಳಿದು ಹೋದದ್ದನ್ನು ವಾದಿರಾಜ ನೋಡಿದ. ಆ ದಿನ ಶಾಲೆಯಲ್ಲಿ ಯಾವ ಪಾಠ ಮಾಡಿದನೋ ಹುಡುಗರಿಗೂ ತಿಳಿಯಲಿಲ್ಲ. ದೇವದುರ್ಗದ ಹಿತ್ತಲು, ಬೇವು, ನಿಂತು ಕಾದ ಹಾಡು, ಎಲ್ಲವೂ ಮಧ್ಯಾಹ್ನದ ಬಸ್ಸಿನಲ್ಲಿ ಹೋದವೆಂದು ಅವನು ತಿಳಿದ.

ಮರುದಿನ ಕತ್ತಲಿರುವಾಗ ಜಾಲಿಯ ಮರೆಗೆ ಬಂದರೆ ಅಲ್ಲಿ ಆಗಲೇ ಒಂದು ತಂಬಿಗೆ ಇತ್ತು. ಪಕ್ಕದಲ್ಲಿ ಆಚಾರ್ಯರು, ಕಿವಿಯ ಮೇಲೆ ದಾರ ಏರಿಸಿ, ಶಾಲು ಹೊದ್ದು ಕೂತಿದ್ದರು. ದುರ್ಬೀನಿಗೆ ಕೈ ಚಾಚಿದರು.

ಅದರ ಮರುದಿನವೂ ಬಂದರು. ಒಮ್ಮೆಯಾದರೂ ಇವು ಅಗಲಿರುವುದನ್ನು ಹಿಡಿಯಬೇಕು, ಕಾವ್ಯದ ಮಾನ ಉಳಿಸಬೇಕು ಎಂಬುದು ಅವರ ಪಟ್ಟು. ಒಂದು ಜಾವ ಹೆಣ್ಣುಹಕ್ಕಿ ಒಂಟಿಯಾಗಿ ಆಚೆಯ ಕೆಸರಿಗೆ ಹಾರಿದಾಗ ಅವರ ಮುಖ ಅರಳಿತು. ವಾದಿರಾಜನ ತೋಳು ಹಿಡಿದು ಅಲುಗಿಸಿ ತೋರಿಸಿದರು. ಅಷ್ಟರಲ್ಲಿ ಗಂಡೂ ಹಿಂದೆಯೇ ಹೋಗಿ ಪಕ್ಕದಲ್ಲಿ ಇಳಿಯಿತು. ಆಚಾರ್ಯರು ನಿಟ್ಟುಸಿರು ಬಿಟ್ಟರು. ಇನ್ನೊಂದು ದಿನ ದಾರ ಇಳಿಸಿ, ಇವು ಮಾನ್ವಿಯ ಚಕ್ರವಾಕಗಳು, ಸಂಸ್ಕಾರ ಸಾಲದು, ನಮ್ಮ ಕೃಷ್ಣೆಯ ದಂಡೆಯವು ಹೀಗಿರಲಾರವು ಎಂದು ಸಮಾಧಾನ ತಂದುಕೊಂಡರು. ವಾದಿರಾಜ ನಕ್ಕ. ಅವರೂ ನಕ್ಕರು. ಹೆಬ್ಬಾತು ಯಾವುದು, ಸೂಜಿಬಾಲದ ಬಾತು ಯಾವುದು ಎಂದು ಕೇಳಿ ತಿಳಿದುಕೊಂಡರು. ಬಂದ ಕೆಲಸದ ಮಾತನ್ನು ಇಬ್ಬರೂ ಎತ್ತಲಿಲ್ಲ. ಏಳುವಾಗ ಎರಡು ತಂಬಿಗೆಯ ನೀರೂ ಬೇವಿನ ಸಸಿಗೆ ಬೀಳುತ್ತಿತ್ತು.

ಮಾರೆಮ್ಮ ಸುಮ್ಮನೆ ಕೂರುವವಳಲ್ಲ. ದೇವದುರ್ಗದ ಆಚಾರ್ಯರಿಗೂ ಹತ್ತಿಕೊಂಡಿತು, ಮಾವ ಅಳಿಯ ಇಬ್ಬರೂ ಜೊತೆಯಾಗಿ ಜಾಲಿ ಸೇರುತ್ತಾರೆ, ಏಳುವುದೇ ಇಲ್ಲ ಎಂದು ಅವಳು ಹೇಳಿದ್ದು ಸಿರವಾರದ ಸಂತೆ ಮುಟ್ಟಿ ಅಲ್ಲಿಂದ ಕಾವೇರಿಬಾಯಿಯ ಕಿವಿಗೆ ಹೋಯಿತು. ಆಕೆ ಆಳು ಕಳಿಸಿ ಮಗನನ್ನು ಕರೆಸಿಕೊಂಡಳು.

“ಹುಡುಗ ಹ್ಯಾಂಗಿದ್ದಾನ?”

“ಛಲೋ ಇದ್ದಾನವ್ವಾ. ಗಟ್ಟಿ ಇದ್ದಾನ.”

“ನಿನಗೂ ಆಗಿತ್ತಂತ?”

ಆಚಾರ್ಯರು ಸುಳ್ಳು ಹೇಳಿ ಗೊತ್ತಿದ್ದವರಲ್ಲ. ನಿಜ ಹೇಳುವುದಂತೂ ಹೇಗೆ? ಚಕ್ರವಾಕ ನೋಡುತ್ತ ಕೂತಿದ್ದೆ, ಅವು ಶಾಸ್ತ್ರ ತಪ್ಪಿ ನಡೆಯುತ್ತಿದ್ದವು ಎಂದು ಯಾವ ಬಾಯಿಂದ ಹೇಳಬೇಕು? ತಲೆ ತಗ್ಗಿಸಿ ನಿಂತರು. ಮುದುಕಿ ಮಗನ ಮೈಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಪರರ ಕೈಯ ಒಂದು ಅಗುಳು ಮುಟ್ಟದ ಮಗ. ಎಂದೂ ಒಂದು ಹೊತ್ತು ಮಲಗಿದವನಲ್ಲ. ಅಂಥವನನ್ನೂ ಆ ಊರು ಹಿಡಿಯಿತು, ಬಿಟ್ಟು ಬಂದೊಡನೆ ಬಿಟ್ಟಿತು. ಹಾಗಾದರೆ ದೋಷ ಹುಡುಗನ ಕರುಳಿನದಲ್ಲ. ಅವಳ ಗಂಡನ ಬೇನೆಯಂಥದೂ ಅಲ್ಲ.

“ನೀರಿಂದು” ಎಂದಳು. “ಕುದಿಸಿ ಆರಿಸಿ ಕುಡಿದರ ಆತು. ನಿಶ್ಚಯ ಮಾಡ್ರಿ.”

ಲಗ್ನ ವೈಶಾಖದಲ್ಲಿ ದೇವದುರ್ಗದಲ್ಲೇ ಆಯಿತು. ಕಾವೇರಿಬಾಯಿ ಮೊಮ್ಮಗಳ ಜೊತೆ ನೀರು ಕುದಿಸಲು ಒಂದು ದೊಡ್ಡ ತಾಮ್ರದ ಹಂಡೆ, ಓಮು, ಅಳಲೆಕಾಯಿ, ಮತ್ತು ಅಳಿಯನಿಗೆಂದು ಎಲ್ಲಕ್ಕಿಂತ ದೊಡ್ಡ ತಂಬಿಗೆಯೊಂದನ್ನು ಕಳಿಸಿದಳು. ಮಾನ್ವಿಯ ನೀರಿನ ಹೆಸರು ಅಂದಿನಿಂದ ಕೆಟ್ಟಿತು. ಸೋಜಿಗವೆಂದರೆ ಚಳಿ ಬಿದ್ದೊಡನೆ ಆಚಾರ್ಯರು ಹವಾ ಬದಲಾವಣೆಗೆಂದು ಅದೇ ಊರಿಗೆ ಬಂದು ಮಠದಲ್ಲಿ ಇಳಿದರು. ಪಾಠಶಾಲೆಯಲ್ಲಿ ಚಕ್ರವಾಕದ ಶ್ಲೋಕ ಬಂದಾಗ ಈಗ ಅವರು ಪದಚ್ಛೇದ ಮಾಡಿ, ಅರ್ಥ ಹೇಳದೆ ಮುಂದಿನ ಶ್ಲೋಕಕ್ಕೆ ಹೋಗುತ್ತಾರೆಂದು ಶಿಷ್ಯರು ಮಾತಾಡಿಕೊಳ್ಳುತ್ತಿದ್ದರು.

ಅಹಲ್ಯಾಬಾಯಿ ಕೊಟ್ಟಿಗೆಯ ಹುಲ್ಲು ತೆಗೆಯುವಾಗ ದುರ್ಬೀನು ಸಿಕ್ಕಿತು. ಅತ್ತೆ ದೇವರಮನೆಯಲ್ಲಿದ್ದ ಹೊತ್ತು ನೋಡಿ ಗಂಡನ ಮುಂದೆ ಹಿಡಿದಳು.

“ಅಪ್ಪಗ ಹೊಟ್ಟಿ ಕೆಟ್ಟಿದ್ದು ನಾ ಎಂದೂ ನೋಡಿಲ್ರಿ. ಏನ್ ನೋಡ್ತೀರಿ ಇಬ್ಬರೂ ಅಲ್ಲಿ?”

ವಾದಿರಾಜ ಹೇಳಿದ. ಮೆಲ್ಲಗೆ ಕೂಗಿಯೂ ತೋರಿಸಿದ. ಅವಳು ನಗಲಿಲ್ಲ, ಇನ್ನೊಮ್ಮೆ ಕೂಗಿರಿ ಎಂದಳು. ತಾನೂ ಬರಬಹುದೇ ಎಂದು ಕೇಳಲಿಲ್ಲ. ಗಂಡಸರು ಹೋಗುವ ಏರಿಗೆ ಹೆಂಗಸು ಹೋಗುವುದುಂಟೇ? ಮರುದಿನದಿಂದ ಘಾಟಿನಿಂದ ಮಡಿ ನೀರು ತರುವ ಕೆಲಸವನ್ನು ಅತ್ತೆಯ ಕೈಯಿಂದ ತಾನೇ ತೆಗೆದುಕೊಂಡಳು. ಸರಸ್ವತಿಬಾಯಿಗೆ ಸಂತೋಷವಾಯಿತು.

ಮಾರ್ಗಶಿರದ ಒಂದು ಜಾವ ಜಾಲಿಯ ಮರೆಯಲ್ಲಿ ಮಾವ ಅಳಿಯ ಇಬ್ಬರೂ ಇದ್ದರು. ಚಕ್ರವಾಕಗಳು ಆ ಚಳಿಗಾಲವೂ ಬಂದಿದ್ದವು, ದಿಬ್ಬದ ಮೇಲೆ, ಜೊತೆಯಾಗಿ. ಅವುಗಳ ಹಿಂದೆ ಆಚೆಯ ದಂಡೆ ಮಂಜಿನಲ್ಲಿ ಮಸಕಾಗಿತ್ತು. ಘಾಟಿನ ಕೊನೆಯ ಮೆಟ್ಟಿಲಲ್ಲಿ ಯಾರೋ ಒಬ್ಬಳು ತುಂಬಿದ ಕೊಡ ಪಕ್ಕಕ್ಕಿಟ್ಟು ನಿಂತಿದ್ದಳು. ಆ ಕಡೆ ಎಂದೂ ದುರ್ಬೀನು ಎತ್ತದ ವಾದಿರಾಜ ಇಂದೂ ಎತ್ತಲಿಲ್ಲ, ಕೈಯಲ್ಲಿದ್ದುದನ್ನು ನೆಲಕ್ಕಿಟ್ಟ. ಬರಿಗಣ್ಣಿಗೆ ಸೀರೆಯ ಬಣ್ಣವೂ ತಿಳಿಯುತ್ತಿರಲಿಲ್ಲ.

ಗಂಟಲು ಕಿರಿದು ಮಾಡಿ ಕೂಗಿದ. ದಿಬ್ಬದ ಜೋಡಿ ಕೊರಳೆತ್ತಿತು, ಆದರೆ ಉತ್ತರ ಕೊಡಲಿಲ್ಲ. ನೀರಿನ ಆಚೆಯಿಂದ, ಅಭ್ಯಾಸ ಸಾಲದ, ಒಂದಿಷ್ಟು ಒಡೆದ ದನಿಯಲ್ಲಿ ಬಂತು.

“ಆಂಗ್... ಆಂಗ್...”

ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಆಚಾರ್ಯರು ಆ ದಂಡೆ ನೋಡಿದರು, ಈ ದಂಡೆ ನೋಡಿದರು. ಜನಿವಾರ ಇಳಿಸಲು ಕಿವಿಗೆ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.